ನಲವತ್ತೊಂದು ಉಂಗುರಗಳ ಕಲ್ಲು

ಕೊರೊನಾ ಮುಗಿದು ತರಗತಿಗಳು ಮತ್ತೆ ಮೊದಲಿನಂತೆ ನಡೆಯತೊಡಗಿದ ವರ್ಷ ಅದು. ನಾನು ತಿಪಟೂರಿನ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಮುಖ್ಯಸ್ಥೆ ಎಂದರೆ ದೊಡ್ಡ ದರ್ಬಾರು ಅಂದುಕೊಳ್ಳಬೇಡಿ, ವಿಭಾಗದಲ್ಲಿ ಇದ್ದದ್ದೇ ಇಬ್ಬರು. ಲ್ಯಾಬಿನ ಬೀಗವನ್ನು ನಾನೇ ಹಾಕುತ್ತಿದ್ದೆ. ಹಾಕಿ, ಗೇಟಿನವರೆಗೆ ಹೋಗಿ, ಮತ್ತೆ ವಾಪಸ್ ಬಂದು ಎಳೆದು ನೋಡುತ್ತಿದ್ದೆ. ನನ್ನದು ಹುಟ್ಟಾ ಗಾಬರಿಯ ಜೀವ. ಬಸ್ಸು ಹತ್ತಿದರೆ ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಯೋಚಿಸುವವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ನಡೆದದ್ದಕ್ಕೆಲ್ಲ ಇದೇ ಮೂಲ.

ನನ್ನ ವಿಷಯ ಪೇಲಿಯೋಬಾಟನಿ, ಅಂದರೆ ಕಲ್ಲಾಗಿ ಉಳಿದ ಗಿಡಮರಗಳ ಅಧ್ಯಯನ. ತಿಪಟೂರಿನಲ್ಲಿ ಕೂತು ಈ ಕೆಲಸ ಮಾಡುತ್ತೇನೆ ಎಂದರೆ ಭೂವಿಜ್ಞಾನಿಗಳು ನಗುತ್ತಿದ್ದರು. ಚಿಕ್ಕನಾಯಕನಹಳ್ಳಿಯ ಸುತ್ತಿನ ಬಂಡೆಗಳು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯವು. ಅವು ಹುಟ್ಟುವಾಗ ಭೂಮಿಯ ಮೇಲೆ ಮರವಿರಲಿ, ಗರಿಕೆ ಹುಲ್ಲೂ ಇರಲಿಲ್ಲ. ಹಾಗಾಗಿ ನಮ್ಮ ಸೀಮೆಯ ಕಲ್ಲು ನಮಗೆ ಪ್ರಯೋಜನವಿಲ್ಲ, ಹೊರಗಿನಿಂದ ಎರವಲು ತರಬೇಕು. ಉತ್ತರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದ ನನ್ನ ಹಳೆಯ ಸಹಪಾಠಿಯ ಮೂಲಕ ಹಾಗೆ ಬಂದದ್ದು ಈ ಕಲ್ಲು. ಹಿಮಾಲಯದ ಆಚೆ ಬದಿಯ ಒಣ ಕಣಿವೆಯೊಂದರಲ್ಲಿ ಸಿಕ್ಕಿದ, ಮರದ ಕಾಂಡದ ಒಂದು ತುಂಡು. ಉದ್ದ ಮೂವತ್ತೆಂಟು ಸೆಂಟಿಮೀಟರ್, ತೂಕ ಇಪ್ಪತ್ತೊಂದು ಕಿಲೋ, ವಯಸ್ಸು ಸುಮಾರು ಮೂವತ್ತೆಂಟು ಕೋಟಿ ವರ್ಷ. ಭೂಮಿಯ ಮೇಲೆ ಮೊಟ್ಟಮೊದಲ ಮರಗಳು ಎದ್ದು ನಿಂತ ಕಾಲದ್ದು. ಜೊತೆಗೆ ಬಂದ ಪತ್ರದಲ್ಲಿ ಒಂದು ಷರತ್ತಿತ್ತು: ಬೇಕಾದರೆ ಒಂದು ಬಾರಿ, ಒಂದೇ ಒಂದು ಬಾರಿ ಕೊಯ್ಯಬಹುದು, ಎರಡೂ ಹೋಳು ಹಿಂದಿರುಗಬೇಕು.

ಮೂರು ವರ್ಷ ನಾನು ಅದನ್ನು ಕೊಯ್ಯಗೊಡಲಿಲ್ಲ. ಒಡೆದು ಚೂರಾದರೆ? ಅಂಥ ಇನ್ನೊಂದು ತುಂಡು ಎಲ್ಲಿಂದ ತರುವುದು?

ಆ ಕಲ್ಲಿನ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು ಶಾಹಿದಾ. ತಿಪಟೂರಿನ ಟೈಲರ್ ಖಾದರ್ ಸಾಬರ ಮಗಳು, ತುರುವೇಕೆರೆಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಬೆಳಿಗ್ಗೆ ಅಲ್ಲಿ ಪಾಠ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ನನ್ನ ಲ್ಯಾಬಿಗೆ ಬರುತ್ತಿದ್ದಳು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನಾನು ಅವಳ ಗೈಡ್.

ಕಲ್ಲಿನ ಮೈಮೇಲೆ ಅಡ್ಡಡ್ಡಲಾಗಿ ಉಬ್ಬಿದ ಉಂಗುರಗಳಿದ್ದವು, ಒಟ್ಟು ನಲವತ್ತೊಂದು. ಪೆಟ್ಟಿಗೆ ಬಿಚ್ಚಿದ ಗಳಿಗೆಯಲ್ಲೇ ನನಗೆ ಅವು ಏನೆಂದು ಗೊತ್ತಾಗಿಹೋಯಿತು. ನಾನು ಕಂದಿಕೆರೆಯ ತೆಂಗಿನ ತೋಟದಲ್ಲಿ ಬೆಳೆದವಳು. ತೆಂಗಿನ ಗರಿ ಒಣಗಿ ಬಿದ್ದಲ್ಲಿ ಮರಕ್ಕೆ ಒಂದು ಉಂಗುರ ಉಳಿಯುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ ಹನ್ನೆರಡು ಗರಿ. ನಮ್ಮ ಕಡೆ ಮರದ ವಯಸ್ಸು ಹೇಳಬೇಕಾದರೆ ಯಾರೂ ಕಡತ ಹುಡುಕುವುದಿಲ್ಲ, ಉಂಗುರ ಎಣಿಸುತ್ತಾರೆ. ಅಂತರ ಅಗಲವಿದ್ದರೆ ಒಳ್ಳೆಯ ಮಳೆಯ ವರ್ಷ, ಕಿರಿದಾಗಿದ್ದರೆ ಕಷ್ಟದ ವರ್ಷ. ಅಂಗೈಯಲ್ಲಿ ಮರವನ್ನು ಸವರಿ ಓದುವುದನ್ನು ನಮ್ಮ ದೊಡ್ಡಪ್ಪ ನನಗೆ ಅಕ್ಷರಾಭ್ಯಾಸಕ್ಕೂ ಮೊದಲೇ ಕಲಿಸಿದ್ದರು.

ಕಲ್ಲು ಬಂದ ಮೊದಲ ವಾರವೇ ಶಾಹಿದಾ ಮೆಲ್ಲಗೆ ಕೇಳಿದ್ದಳು. "ಮೇಡಂ, ಇವು ಎಲೆ ಬಿದ್ದ ಗುರುತೇ ಅಂತ ಹೆಂಗೆ ಹೇಳೋದು? ಕೆಲವು ಉಂಗುರ ಪೂರ್ತಿ ಸುತ್ತು ಬಂದಿಲ್ಲ."

"ನೋಡಮ್ಮ, ನೀನು ಪುಸ್ತಕದಲ್ಲಿ ನೋಡಿದ್ದೀಯ, ನಾನು ತೋಟದಲ್ಲಿ ನೋಡಿದ್ದೀನಿ. ಸುಮ್ನೆ ಅಳತೆ ತಗೋ," ಎಂದೆ.

ಅಳತೆ ತೆಗೆದಳು. ಅಂತರ ಸರಾಸರಿ ಒಂಬತ್ತು ಮಿಲಿಮೀಟರ್ ಚಿಲ್ಲರೆ. ಈ ಮರ ತೆಂಗಿನಂತೆ ತುದಿಯಲ್ಲಿ ಗರಿ ಬಿಟ್ಟು, ಹಳೆಯದನ್ನು ಉದುರಿಸುತ್ತ ಎತ್ತರ ಏರಿದೆ, ಈ ತುಂಡು ಬೆಳೆಯಲು ಸುಮಾರು ಮೂರೂವರೆ ವರ್ಷ ಹಿಡಿದಿರಬಹುದು ಎಂದು ಥೀಸಿಸ್ಸಿನ ನಾಲ್ಕನೆಯ ಅಧ್ಯಾಯ ಸಿದ್ಧವಾಯಿತು. ಈ ಲೆಕ್ಕವನ್ನು ಈಗ ನೆನೆಸಿಕೊಂಡರೆ ನನಗೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಮೂವತ್ತೆಂಟು ಕೋಟಿ ವರ್ಷದ ಹಿಂದಿನ ಮರಕ್ಕೆ ಕಂದಿಕೆರೆಯ ತೆಂಗಿನ ವೇಗ ಹಚ್ಚಿದ್ದೆ. ಥೀಸಿಸ್‌ಗೂ ಮುನ್ನ ಕಳಿಸಬೇಕಾದ ಸಾರಾಂಶವನ್ನು, ನಾವು ಸಿನಾಪ್ಸಿಸ್ ಎನ್ನುವುದನ್ನು, ವಿಶ್ವವಿದ್ಯಾಲಯಕ್ಕೆ ಕಳಿಸಿಯೂ ಆಯಿತು. ಅದರಲ್ಲೂ ಇದೇ ಮಾತು.

ಶಾಹಿದಾಳ ನೋಂದಣಿಯ ಅವಧಿ ಎರಡು ಸಲ ವಿಸ್ತರಣೆಯಾಗಿತ್ತು. ಇನ್ನು ವಿಸ್ತರಣೆ ಇಲ್ಲ. ಕೊನೆಯ ದಿನಕ್ಕೆ ಥೀಸಿಸ್ ತಲುಪದಿದ್ದರೆ ನೋಂದಣಿ ರದ್ದು, ಆರು ವರ್ಷದ ಕೆಲಸ ನೀರಿನಲ್ಲಿ ಹೋಮ. ಅತಿಥಿ ಉಪನ್ಯಾಸಕಿಯಾಗಿಯೇ ಉಳಿಯಬೇಕು, ಅದೂ ಕರೆದ ವರ್ಷಕ್ಕೆ ಮಾತ್ರ. ಕೊನೆಯ ದಿನಕ್ಕೆ ಹನ್ನೆರಡು ದಿನ ಇರುವಾಗ, ಮುದ್ರಣಕ್ಕೆ ಹೋಗುವ ಪ್ರತಿಯನ್ನು ಒಮ್ಮೆ ನೋಡಲು ನಾನು ಅವಳ ಮನೆಗೆ ಹೋದೆ. ಮುಂದಿನ ಕೋಣೆಯೇ ಖಾದರ್ ಸಾಬರ ಹೊಲಿಗೆ ಅಂಗಡಿ. ಚಿತ್ರ ಬರೆಯಲು ಶಾಹಿದಾ ಮಾಡಿಕೊಂಡಿದ್ದ ಕಲ್ಲಿನ ಪ್ಲಾಸ್ಟರ್ ಅಚ್ಚು ಬಟ್ಟೆ ಕತ್ತರಿಸುವ ಮೇಜಿನ ಮೇಲೆ, ಇಸ್ತ್ರಿಪೆಟ್ಟಿಗೆಯ ಪಕ್ಕದಲ್ಲಿತ್ತು.

ಟೀ ಬಂತು. ಖಾದರ್ ಸಾಬರು ಅಚ್ಚನ್ನು ಬೆರಳಲ್ಲಿ ತಟ್ಟಿ, "ಮೇಡಮ್ಮೋರೆ, ತಪ್ಪು ತಿಳ್ಕಬೇಡಿ. ಇದು ಯಾರೋ ಮೇಲಿಂದ ಅದುಮಿರೋದು ಕಣ್ರೀ," ಎಂದರು.

"ಅಂದ್ರೆ?"

ಅವರು ಹೊಲಿದಿಟ್ಟಿದ್ದ ಒಂದು ಚೂಡಿದಾರ್ ಪ್ಯಾಂಟಿನ ಕಾಲನ್ನು ತಮ್ಮ ಮುಂಗೈಗೆ ಏರಿಸಿಕೊಂಡರು. "ಇದಕ್ಕೆ ಕಾಲಿಗಿಂತ ಉದ್ದ ಜಾಸ್ತಿ ಬುಡ್ತೀವಿ. ಹಿಂಗೆ ನೂಕಿದ್ರೆ ಪಾದದ ಹತ್ರ ಸುತ್ತ ಬಳೆ ಬಳೆ ಬತ್ತದೆ." ನೂಕಿ ತೋರಿಸಿದರು. "ಈಗ ನೋಡಿ. ಸುಕ್ಕು ಅಂದ್ರೆ ಒಂದಕ್ಕೊಂದು ಕೂಡ್ಕತ್ತದೆ. ಇಲ್ಲಿ ಎರಡಿದ್ದಿದ್ದು ಇಲ್ಲಿ ಒಂದಾಯ್ತು. ನಿಮ್ಮ ಕಲ್ಲಲ್ಲೂ ಹಂಗೇ ಆಗೈತೆ."

ಅಚ್ಚಿನ ಮೇಲೆ ಅವರು ಬೆರಳಿಟ್ಟ ಜಾಗದಲ್ಲಿ ಎರಡು ಉಂಗುರ ಸೇರಿ ಒಂದಾಗಿತ್ತು. ಇನ್ನೊಂದು ಕಡೆಯೂ ಹಾಗೆಯೇ. ಅಂಥ ಏಳು ಜಾಗಗಳನ್ನು ಶಾಹಿದಾ ತನ್ನ ಅಳತೆಯಲ್ಲೇ ಗುರುತಿಸಿದ್ದಳು. ಕಲ್ಲು ಸವೆದಿದೆ, ಬಿಡು ಎಂದು ಹೇಳಿದ್ದವಳು ನಾನು. ಟೀ ಲೋಟ ಕೆಳಗಿಟ್ಟೆ. ಶಾಹಿದಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಕಂದಿಕೆರೆಗೆ ಹೋದೆ. ತೋಟದಲ್ಲಿ ಒಂದೊಂದೇ ಮರದ ಮೈಯನ್ನು ಕೆಳಗಿನಿಂದ ಕೈಗೆಟುಕುವವರೆಗೂ ಸವರಿದೆ. ಉಂಗುರ ಉಂಗುರಕ್ಕೆ ಕೂಡಿರುವ ಒಂದೇ ಒಂದು ಮರ ಸಿಗಲಿ ಸಾಕು ಎಂದು ದೇವರನ್ನು ಕೇಳಿಕೊಳ್ಳುತ್ತಿದ್ದೆ. ನನ್ನ ತಮ್ಮ ಮಹೇಶ ನೀರು ಬಿಡಲು ಬಂದವನು ನಿಂತು ನೋಡಿದ.

"ಏನಕ್ಕ, ಬೆಳಿಗ್ಗೆ ಬೆಳಿಗ್ಗೆನೇ ಮರ ತಬ್ಕೊಂಡು ನಿಂತಿದ್ದೀಯ? ಮನೇಲಿ ಏನಾದ್ರೂ ಆಯ್ತಾ?"

"ಉಂಗುರ ಒಂದಕ್ಕೊಂದು ಸೇರಿರೋ ಮರ ಎಲ್ಲಾದ್ರೂ ಇದೆಯೇನೋ?"

"ಅದೆಂಗೆ ಸೇರ್ತದೆ? ಒಂದು ಗರಿ ಬಿದ್ದ ಜಾಗಕ್ಕೆ ಇನ್ನೊಂದು ಗರಿ ಬೀಳಲ್ಲ ಕಣಕ್ಕ. ನಿಂಗೊತ್ತಿಲ್ವಾ?"

ಗೊತ್ತಿತ್ತು. ಐವತ್ತು ವರ್ಷದಿಂದ ಗೊತ್ತಿತ್ತು. ಮೂವತ್ತೆರಡು ಮರ ನೋಡಿದೆ, ಒಂದರಲ್ಲೂ ಇರಲಿಲ್ಲ. ಅವನು ತಿಂಡಿಗೆ ಕರೆದ, ನಾನು ತಿನ್ನದೆ ತಿಪಟೂರಿನ ಬಸ್ಸು ಹತ್ತಿದೆ.

ಈಗ ನಾನು ಮಾಡಿದ ಇನ್ನೊಂದು ಕೆಲಸವನ್ನು ಬರೆಯಬೇಕು. ಮೊದಲನೆಯದು ಅಜ್ಞಾನ, ಇದು ಅದಲ್ಲ. ಅಂದು ಮಧ್ಯಾಹ್ನ ಲ್ಯಾಬಿನಲ್ಲಿ ಶಾಹಿದಾಳನ್ನು ಕೂರಿಸಿಕೊಂಡು, "ಹನ್ನೊಂದು ದಿನ ಇದೆ ಅಷ್ಟೇ. ಈಗ ಅಧ್ಯಾಯ ಬದಲಾಯಿಸೋಕೆ ಹೋದರೆ ಸಿನಾಪ್ಸಿಸ್‌ಗೂ ಥೀಸಿಸ್‌ಗೂ ತಾಳೆ ಬರಲ್ಲ. ಪರೀಕ್ಷಕರು ವಾಪಸ್ ಕಳಿಸಿಬಿಡಬಹುದು. ಕಲ್ಲು ಕೊಯ್ಯೋದು ಬೇಡ. ಇದ್ದ ಹಾಗೇ ಕೊಡು. ಪದವಿ ಬಂದಮೇಲೆ ನಿಧಾನವಾಗಿ ನೋಡಿಕೊಳ್ಳೋಣ," ಎಂದೆ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ನನ್ನನ್ನು ನಾನು ನಂಬಿಸಿಕೊಂಡಿದ್ದೆ.

ಅವಳು ದುಪಟ್ಟಾದ ಅಂಚನ್ನು ಮಡಚುತ್ತ, ತಲೆ ಎತ್ತದೆ ಹೇಳಿದಳು. "ನಮ್ಮ ಅಬ್ಬ ಮೂರನೇ ಕ್ಲಾಸು ಓದಿರೋದು ಮೇಡಂ. ಅವರ ಕಣ್ಣಿಗೆ ಬಿದ್ದಿದ್ದು ಇನ್ನೊಬ್ರ ಕಣ್ಣಿಗೆ ಬೀಳಲ್ವಾ? ಇವತ್ತು ಬಚ್ಚಿಟ್ಟು ಕೊಟ್ರೆ, ಯಾವತ್ತು ಯಾರು ಕೇಳ್ತಾರೋ ಅಂತ ನಾನು ದಿನಾ ಹೆದ್ರಿಕೊಂಡಿರಬೇಕು. ಕೊಯ್ಯೋಣ ಮೇಡಂ."

ಆರು ವರ್ಷದಲ್ಲಿ ಅವಳು ನನಗೆ ಎದುರು ಹೇಳಿದ್ದು ಅದೇ ಮೊದಲು. ನನಗೆ ಸಿಟ್ಟು ಬಂತು. ನನ್ನ ತಪ್ಪನ್ನು ನನ್ನ ಮುಂದೆಯೇ ಎತ್ತಿ ಹಿಡಿದಳಲ್ಲ ಎಂಬ ಸಿಟ್ಟು. "ಚೂರಾದರೆ ನೀನೇ ಪತ್ರ ಬರೀಬೇಕು," ಎಂದು ಒರಟಾಗಿ ಹೇಳಿ ಎದ್ದುಹೋದೆ.

ಹತ್ತು ದಿನ ಉಳಿದಿರುವಾಗ ಕಲ್ಲನ್ನು ಆಟೋದಲ್ಲಿ, ಹಳೆಯ ಕಂಬಳಿಯಲ್ಲಿ ಸುತ್ತಿ, ನನ್ನ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ನಮ್ಮ ಲ್ಯಾಬಿನಲ್ಲಿ ಅಷ್ಟು ದೊಡ್ಡ ಕಲ್ಲು ಕೊಯ್ಯುವ ಯಂತ್ರವಿರಲಿಲ್ಲ. ಊರಾಚೆ, ಅಡುಗೆಮನೆ ಕಟ್ಟೆಗೆ ಗ್ರಾನೈಟ್ ಕೊಯ್ದುಕೊಡುವ ಅಂಗಡಿಗೆ ನಾನೂ ಶಾಹಿದಾಳೂ ಹೋದೆವು. ಮೇಸ್ತ್ರಿ ಕಂಬಳಿ ಬಿಚ್ಚಿ ನೋಡಿ, "ದೇವ್ರ ಕಲ್ಲಾ ಮೇಡಂ?" ಎಂದ.

"ಇಲ್ಲಪ್ಪ, ಮರ."

"ಮರನಾ? ಹಂಗಾರೆ ಸಾಮಿಲ್‌ಗೆ ತಗಂಡೋಗಬೇಕಿತ್ತು." ನಾನು ನಗಲಿಲ್ಲ ಎಂದು ಕಂಡು ಅವನು ಯಂತ್ರದ ಕಡೆ ತಿರುಗಿದ.

ಏನನ್ನು ಹುಡುಕುತ್ತಿದ್ದೆವು ಎಂಬುದನ್ನು ಇಲ್ಲಿ ವಿವರಿಸುತ್ತೇನೆ. ಎಲೆಯೊಂದು ಕಾಂಡಕ್ಕೆ ಅಂಟಿಕೊಂಡಿತ್ತೆಂದರೆ ಅದಕ್ಕೆ ನೀರು ಒಯ್ಯುವ ನಾಳವೊಂದು ಒಳಗಿನಿಂದ ಬಂದಿರಲೇಬೇಕು. ಉಂಗುರಗಳು ಎಲೆ ಬಿದ್ದ ಗುರುತಾಗಿದ್ದರೆ, ಕಲ್ಲನ್ನು ಉದ್ದುದ್ದಕ್ಕೆ ಸೀಳಿದಾಗ ಉಂಗುರ ಉಂಗುರಕ್ಕೂ ಒಂದೊಂದು ಸಣ್ಣ ಕಪ್ಪು ಎಳೆ ಒಳಗಿನಿಂದ ಬಂದು ಸೇರಿರುತ್ತದೆ. ಬರೀ ಸುಕ್ಕಾಗಿದ್ದರೆ ಹಾಗೆ ಯಾವ ಎಳೆಯೂ ಬಂದಿರುವುದಿಲ್ಲ. ಇದ್ದಿಲಾದ ಹೊರಪದರವೇ ಒಳಕ್ಕೂ ಹೊರಕ್ಕೂ ಮಡಚಿಕೊಂಡಿರುತ್ತದೆ. ಕೊಯ್ಯಲು ಒಂದೇ ಅವಕಾಶ. ಅಂಕುಡೊಂಕಾದರೆ ಎರಡೂ ಕಾಣುವುದಿಲ್ಲ.

ಕಲ್ಲು ಅಲುಗದಂತೆ ಅರ್ಧ ಭಾಗವನ್ನು ಪ್ಲಾಸ್ಟರಿನಲ್ಲಿ ಹೂತು ಒಣಗಿಸಿದೆವು. ಶಾಹಿದಾ ಅಪ್ಪನ ಮೇಜಿನಿಂದ ತಂದ ಸೀಮೆಸುಣ್ಣದ ಬಿಲ್ಲೆಯಲ್ಲಿ ಗೆರೆ ಎಳೆದಳು. ವಜ್ರದ ಹಲ್ಲಿನ ಚಕ್ರ ತಿರುಗತೊಡಗಿತು, ಮೇಲಿಂದ ನೀರು ಸುರಿಯಿತು. ನಿಧಾನ, ನಿಧಾನ ಎಂದು ನಾನು ಅದೆಷ್ಟು ಸಲ ಕೂಗಿದೆನೋ, ಕೊನೆಗೆ ಮೇಸ್ತ್ರಿ ಯಂತ್ರ ನಿಲ್ಲಿಸಿ, "ಮೇಡಂ, ನೀವು ಆಚೆ ಕೂತ್ಕಳಿ. ನಿಮ್ಮಿಂದ ನಂಗೂ ಕೈ ನಡುಗ್ತಾ ಐತೆ," ಎಂದ. ಹೊರಗೆ ಗ್ರಾನೈಟ್ ಚೂರುಗಳ ಗುಡ್ಡೆಯ ಮೇಲೆ ಕೂತೆ. ಒಂದು ಗಂಟೆ ನಲವತ್ತು ನಿಮಿಷ. ಒಳಗಿನ ಸದ್ದು ನಡುವೆ ಒಮ್ಮೆ ಬದಲಾಯಿತು, ಆಗ ಎದ್ದು ನಿಂತು ಮತ್ತೆ ಕೂತೆ.

ಸದ್ದು ನಿಂತಿತು. ಶಾಹಿದಾ ಬಾಗಿಲಿಗೆ ಬಂದು, "ಸುಕ್ಕೇ ಮೇಡಂ," ಎಂದಳು.

ಎರಡು ಹೋಳು ನೀಟಾಗಿ ಬಂದಿದ್ದವು. ಒದ್ದೆ ಮೈಯ ಅಂಚಿನಲ್ಲಿ ಕಪ್ಪು ಗೆರೆಯೊಂದು ಮೇಲಿಂದ ಕೆಳಗಿನವರೆಗೆ ಅಂಕುಡೊಂಕಾಗಿ ಇಳಿದಿತ್ತು. ಒಳಗಿನಿಂದ ಬಂದ ಎಳೆ ಒಂದೂ ಇರಲಿಲ್ಲ. ನಡುವೆ ಬರೀ ಮರಳು. ನೀರು ಒಯ್ಯುವ ನಾಳಗಳು ಅಂಚಿನಲ್ಲಿ ಮಾತ್ರ, ಬಿಡಿ ಬಿಡಿ ಹಗ್ಗಗಳ ಹಾಗೆ ಸಾಲಾಗಿ ನಿಂತಿದ್ದವು. ನಾಲ್ಕನೆಯ ಅಧ್ಯಾಯ ಅಲ್ಲಿಗೆ ಸತ್ತುಹೋಯಿತು.

ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಶಾಹಿದಾ ಕೂರಲಿಲ್ಲ. ಚೀಲದಿಂದ ದಾರದ ಉಂಡೆ ತೆಗೆದು, ಆ ಕಪ್ಪು ಗೆರೆಯ ಏರಿಳಿತದ ಮೇಲೆಯೇ ದಾರವನ್ನು ಕೂರಿಸುತ್ತ ಬಂದಳು. ಆಮೇಲೆ ದಾರ ಎತ್ತಿ ನೆಟ್ಟಗೆ ಎಳೆದು ಸ್ಕೇಲಿಗೆ ಹಿಡಿದಳು. ಐವತ್ತೇಳು ಸೆಂಟಿಮೀಟರ್. ಕಾಂಡದ ಈ ತುಂಡು ಬದುಕಿದ್ದಾಗ ಐವತ್ತೇಳು ಸೆಂಟಿಮೀಟರ್ ಇತ್ತು. ಮೇಲೆ ಬಿದ್ದ ಮಣ್ಣಿನ ಭಾರಕ್ಕೆ ಮೂವತ್ತೆಂಟಕ್ಕೆ ಕುಸಿದಿದೆ. ಇಷ್ಟು ಕುಸಿಯಬೇಕಾದರೆ ಒಳಗೆ ಗಟ್ಟಿ ತಿರುಳಿರಲು ಸಾಧ್ಯವಿಲ್ಲ. ಬೇವಿನಂತೆ, ಹಲಸಿನಂತೆ ಒಳಗೆಲ್ಲ ಮರವಾಗಿ ನಿಂತದ್ದಲ್ಲ ಇದು. ಟೊಳ್ಳು ಕೊಳವೆಯ ಸುತ್ತ ಹಗ್ಗಗಳನ್ನು ನಿಲ್ಲಿಸಿಕೊಂಡು ಎತ್ತರಕ್ಕೆ ಹೋದದ್ದು. ಮೊದಮೊದಲ ಮರಗಳು ಹೀಗೂ ನಿಂತಿದ್ದವು ಎಂದು ಬೇರೆ ದೇಶಗಳ ಕಲ್ಲುಗಳಿಂದ ತಿಳಿದಿತ್ತು. ನಮ್ಮ ಕಲ್ಲು ಮೂರು ವರ್ಷದಿಂದ ಅದನ್ನೇ ಹೇಳುತ್ತಿತ್ತು, ನಾನು ಅದಕ್ಕೆ ಗರಿ ಹಚ್ಚುತ್ತ ಕೂತಿದ್ದೆ.

ಮುಂದಿನ ಒಂಬತ್ತು ದಿನ ಹೇಗೆ ಕಳೆದೆವೋ ತಿಳಿಯದು. ಅವಳು ಬರೆದಳು, ನಾನು ತಿದ್ದಿದೆ, ಚಿತ್ರಗಳನ್ನೆಲ್ಲ ಮತ್ತೆ ಮಾಡಿದೆವು. ಹಳೆಯ ವ್ಯಾಖ್ಯಾನ ಗೈಡಿನದು, ಅದು ತಪ್ಪು ಎಂದು ಹೆಸರು ಹಾಕಿ ಬರೆ ಎಂದೆ. ಅವಳು ಕೇಳಲಿಲ್ಲ, "ನಾವು ಮೊದಲು ಭಾವಿಸಿದ್ದೆವು" ಎಂದೇ ಬರೆದಳು. ಕೊನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಥೀಸಿಸ್ ಒಳಗೆ ಹೋಯಿತು.

ಅಲ್ಲಿಗೆ ನನ್ನ ಕಳವಳ ಮುಗಿಯಲಿಲ್ಲ. ಸಿನಾಪ್ಸಿಸ್ ಒಂದು ಹೇಳುತ್ತದೆ, ಥೀಸಿಸ್ ಇನ್ನೊಂದು ಹೇಳುತ್ತದೆ. ಪರೀಕ್ಷಕರು ಒಪ್ಪದಿದ್ದರೆ ಎಲ್ಲ ಮೊದಲಿನಿಂದ ಆಗಬೇಕು, ಅದಕ್ಕೆ ಅವಳಿಗೆ ಅವಧಿ ಉಳಿದಿಲ್ಲ. ಐದು ತಿಂಗಳು ಪೋಸ್ಟ್ ಬಂದಾಗಲೆಲ್ಲ ಬೆಚ್ಚಿಬೀಳುತ್ತಿದ್ದೆ.

ವೈವಾದ ದಿನ ಬಂತು. ಅದು ಎಲ್ಲರೂ ಕೂತು ಕೇಳಬಹುದಾದ ಮೌಖಿಕ ಪರೀಕ್ಷೆ. ಖಾದರ್ ಸಾಬರು ಹೊಸ ಅಂಗಿ ತೊಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದರು. ಪರೀಕ್ಷಕರು ಬೇರೆ ರಾಜ್ಯದವರು, ಕನ್ನಡ ಬಲ್ಲ ಹಿರಿಯರು, ಬಹಳ ಮೆಲುಮಾತಿನವರು. ಒಂದು ಗಂಟೆ ಪ್ರಶ್ನೆ ಕೇಳಿದರು. ಶಾಹಿದಾ ಒಂದಕ್ಕೂ ತಡವರಿಸಲಿಲ್ಲ. ಆಮೇಲೆ ಅವರು ಸಿನಾಪ್ಸಿಸ್ಸನ್ನು ಥೀಸಿಸ್ಸಿನ ಪಕ್ಕಕ್ಕೆ ಎಳೆದುಕೊಂಡರು.

"ಇದರಲ್ಲಿ ಉಂಗುರಗಳು ಎಲೆಯ ಗುರುತು ಎಂದಿದೆ. ಇದು ಯಾರ ಅಭಿಪ್ರಾಯ?"

"ನಮ್ಮಿಬ್ಬರದೂ ಸರ್," ಎಂದಳು ಶಾಹಿದಾ.

ವೈವಾದಲ್ಲಿ ಕೇಳದೆ ಗೈಡ್ ಬಾಯಿ ಹಾಕಬಾರದು. ನಾನು ಎದ್ದು ನಿಂತೆ. "ಇಬ್ಬರದಲ್ಲ ಸರ್, ನನ್ನೊಬ್ಬಳದು. ಅವಳು ಮೊದಲ ವಾರವೇ ಅನುಮಾನಪಟ್ಟಿದ್ದಳು. ನಾನು ಬಾಯಿ ಮುಚ್ಚಿಸಿದೆ. ಕಲ್ಲು ಕೊಯ್ಯುವುದು ಬೇಡ ಅಂದದ್ದೂ ನಾನೇ."

ಇಪ್ಪತ್ತೊಂಬತ್ತು ವರ್ಷದ ಸರ್ವಿಸ್ಸಿನಲ್ಲಿ ನಾನು ಹೆದರದ ದಿನವಿರಲಿಲ್ಲ. ಪ್ರಿನ್ಸಿಪಾಲರಿಗೆ, ಇನ್ಸ್‌ಪೆಕ್ಷನ್ನಿಗೆ, ಕಲ್ಲು ಒಡೆಯುವುದಕ್ಕೆ, ಈ ದಿನಕ್ಕೆ. ಅದನ್ನು ಹೇಳಿ ಮುಗಿಸಿದಾಗ ಒಂದು ದೊಡ್ಡ ಭಾರ ಇಳಿಸಿದೆ ಅನ್ನಿಸಿ, ಸ್ವಲ್ಪ ಹೆಮ್ಮೆಯೂ ಆಯಿತು. ಸುಳ್ಳು ಯಾಕೆ ಹೇಳಲಿ.

ಪರೀಕ್ಷಕರು ನನ್ನ ಕಡೆ ತಲೆಯಾಡಿಸಿ, ಮತ್ತೆ ಅವಳ ಕಡೆ ತಿರುಗಿದರು. "ಮೊದಲ ವಾರವೇ ಅನುಮಾನವಿತ್ತು. ಮೂರು ವರ್ಷ ಸುಮ್ಮನಿದ್ದಿರಿ. ವಿಜ್ಞಾನಿ ಅನುಮಾನವನ್ನು ಹೀಗೆ ಇಟ್ಟುಕೊಳ್ಳಬಹುದೇ?"

"ತಪ್ಪು ಸರ್. ಹೆದರಿಕೆಗೆ ಸುಮ್ಮನಿದ್ದೆ."

"ಯಾವುದಕ್ಕೆ ಹೆದರಿಕೆ? ಕಲ್ಲು ಒಡೆಯುತ್ತೆ ಅಂತಲೇ?"

"ಕಲ್ಲಿಗಲ್ಲ ಸರ್," ಎಂದಳು. "ಮೇಡಂಗೆ."

ಅವಳ ಮಾತಿನಲ್ಲಿ ಕೋಪವಿರಲಿಲ್ಲ, ದೂರಿರಲಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಿದ್ದಳು, ಅಷ್ಟೇ. ನಾನು ಇನ್ನೂ ನಿಂತೇ ಇದ್ದೆ. ಕೂರಬೇಕು ಎಂಬುದೂ ಹೊಳೆಯಲಿಲ್ಲ, ಪಕ್ಕದವರು ಸೆರಗು ಹಿಡಿದು ಕೂರಿಸಿದರು.

ಪದವಿಗೆ ಶಿಫಾರಸು ಅಲ್ಲಿಯೇ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾದರ್ ಸಾಬರು ಕಣ್ಣೊರೆಸಿಕೊಳ್ಳುತ್ತ ನನಗೆ ಕೈಮುಗಿದರು, ನನಗೆ ಆ ಕೈಗಳನ್ನು ನೋಡಲಾಗಲಿಲ್ಲ. ಆಚೆ ಬಂದ ಮೇಲೆ ಶಾಹಿದಾಳನ್ನು ಕೇಳಿದೆ. "ಅಷ್ಟು ಹೆದರ್ತಿದ್ದೆಯೇನಮ್ಮ ನಂಗೆ?"

"ಈಗ್ಲೂ ಹೆದ್ರಿಕೆನೇ ಮೇಡಂ," ಎಂದು ನಕ್ಕಳು.

ನನ್ನ ಕೆಲಸ ನನಗೆ ಕಲಿಸಿದ ಪಾಠ ಇದು, ಮರಗಳದ್ದಲ್ಲ. ಜೀವಮಾನವೆಲ್ಲ ನನ್ನ ಹೆದರಿಕೆಯನ್ನೇ ಎಣಿಸಿಕೊಂಡು ಕೂತಿದ್ದ ನನಗೆ, ಎದುರಿಗೆ ಕೂತವರು ನನಗೆ ಹೆದರಿರಬಹುದು ಎಂದು ಒಂದು ದಿನವೂ ಹೊಳೆದಿರಲಿಲ್ಲ. ಅವಳಿಗೂ ಮೊದಲು ಎಷ್ಟು ಮಕ್ಕಳು ಅದೇ ಬೆಂಚಿನಲ್ಲಿ ಕೂತು, ಸರಿಯಾದ ಮಾತನ್ನು ನುಂಗಿಕೊಂಡು, ನಾನು ಹೇಳಿದ್ದನ್ನೇ ಬರೆದುಕೊಂಡು ಹೋದರೋ. ಅವರನ್ನು ಈಗ ಎಲ್ಲಿ ಹುಡುಕಿ ಕೇಳಲಿ.